ಬೇರೆ ಮನೆಯ ಮೊಣಕಾಲು ನೋವು

ದೇಶದ ಗುಪ್ತಚರ ಸಂಸ್ಥೆಯಲ್ಲಿ ಕೆಲಸ ಎಂದರೆ ಜನ ಕಪ್ಪು ಕನ್ನಡಕ, ಜೇಬಿನಲ್ಲಿ ಪಿಸ್ತೂಲು ಎಂದೆಲ್ಲ ಕಲ್ಪಿಸಿಕೊಳ್ಳುತ್ತಾರೆ. ಕಿವಿರಾಯರ ಹತ್ತಿರ ಇದ್ದದ್ದು ಒಂದು ಹೆಡ್‌ಫೋನು, ಅದರ ಹರಿದ ಸ್ಪಂಜಿಗೆ ಸುತ್ತಿದ ಟೇಪು, ಬೆನ್ನಿಗೆಂದು ಮನೆಯಿಂದ ತಂದಿಟ್ಟುಕೊಂಡ ಒಂದು ದಿಂಬು. ಕಿವಿರಾಯರು ಎಂಬುದು ಜೊತೆಯವರು ಇಟ್ಟ ಹೆಸರು. ಸರ್ಕಾರಕ್ಕೆ ಅನುಮಾನ ಬಂದವರ ಫೋನಿನ ಮಾತು ಕೇಳುವುದು, ಅದನ್ನು ಟೈಪು ಮಾಡಿ ಮೇಲಕ್ಕೆ ಕಳಿಸುವುದು, ಇಷ್ಟೇ ಅವರ ಕೆಲಸ. ಮೇಲೆ ಅದನ್ನು ಯಾರು ಓದುತ್ತಾರೆ, ಓದಿ ಏನು ಮಾಡುತ್ತಾರೆ ಎಂದು ಅವರಿಗೆ ಗೊತ್ತಿಲ್ಲ, ಕೇಳುವಂತೆಯೂ ಇಲ್ಲ. ನಿಮ್ಮ ಒಂದು ಸಾಲಿನಿಂದ ಎಲ್ಲೋ ನೂರು ಜೀವ ಉಳಿದಿರಬಹುದು ಎಂದು ಸಾಹೇಬರು ಆಗಾಗ ಹೇಳುತ್ತಿದ್ದರು. ಯಾವ ಸಾಲು ಎಂದು ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಕೆಲವು ವರ್ಷಗಳಿಂದ ಅವರ ಪಾಲಿಗೆ ಬಂದದ್ದು ಒಬ್ಬ ನಿವೃತ್ತ ಮೇಷ್ಟ್ರ ಮನೆ. ಆ ಮೇಷ್ಟ್ರು ಏನು ಮಾಡಿದ್ದರೋ, ಏನು ಮಾಡಿಯಾರು ಎಂಬ ಹೆದರಿಕೆಯೋ, ದೇವರೇ ಬಲ್ಲ. ಕಿವಿರಾಯರಿಗೆ ಕೇಳಿಸಿದ್ದು ಸೋರುವ ನಲ್ಲಿಯ ವಿಷಯ, ಕನ್ನಡಕದ ಅಂಗಡಿಯವನ ಜೊತೆ ಜಗಳ, ಎಲ್ಲಕ್ಕಿಂತ ಹೆಚ್ಚಾಗಿ ಮೇಷ್ಟ್ರ ಹೆಂಡತಿಯ ಮೊಣಕಾಲು. ಆಕೆ ದಿನಾ ತಂಗಿಗೆ ಫೋನು ಮಾಡಿ, "ಮೆಟ್ಟಿಲು ಇಳಿಯುವಾಗ ಜೀವ ಹೋಗುತ್ತೆ ಕಣೇ" ಎನ್ನುತ್ತಿದ್ದರು. ಈ ಮೊಣಕಾಲಿನಿಂದ ದೇಶದ ಭದ್ರತೆಗೆ ಏನು ಧಕ್ಕೆ ಎಂದು ಕಿವಿರಾಯರು ಒಮ್ಮೆ ಅದನ್ನು ಬಿಟ್ಟು ಟೈಪು ಮಾಡಿದರು. ಏನನ್ನೂ ಬಿಡಬೇಡಿ ಎಂದು ಮೇಲಿನಿಂದ ತಾಕೀತು ಬಂತು. ಹಾಗಾದರೆ ಮೊಣಕಾಲು ಎಂದರೆ ಬೇರೇನಾದರೂ ಇರಬಹುದೆ? ಊತ ಎಂದರೆ? ಇಂಜೆಕ್ಷನ್ನು ಎಂದರೆ? ತಲೆ ಕೆರೆದುಕೊಂಡರೂ ಬಗೆಹರಿಯಲಿಲ್ಲ. ಅವತ್ತಿನಿಂದ ಅವರು ಆ ಮೊಣಕಾಲನ್ನು ಮೈಯೆಲ್ಲ ಕಿವಿಯಾಗಿ ಕೇಳತೊಡಗಿದರು. ಕೇಳುತ್ತ ಕೇಳುತ್ತ ಆಕೆಯ ಬಗ್ಗೆ ಅಯ್ಯೋ ಅನಿಸಲೂ ತೊಡಗಿತು. ಆಕೆ ಸುಳ್ಳು ಹೇಳುವ ಮುಂಚೆ ಉಸಿರು ಒಂದು ಗಳಿಗೆ ತಡೆಯುತ್ತದೆ ಎಂಬುದು ಕೂಡ ಅವರಿಗೆ ಗೊತ್ತಾಗಿಹೋಯಿತು.

ಒಂದು ಸಂಜೆ ಎಡವಟ್ಟಾಯಿತು. ಕಿವಿರಾಯರು ಮನೆಗೆ ಬಂದು ಬೂಟು ಬಿಚ್ಚುತ್ತಿದ್ದರು. ಹೆಂಡತಿ ಎದುರಿಗೆ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದಳು.

"ಮೊಣಕಾಲು ಹೇಗಿದೆ?" ಎಂದರು. "ಇಂಜೆಕ್ಷನ್ ಆದಮೇಲೆ ಊತ ಇಳೀತಾ?"

ಅವಳ ಕೈ ನಿಂತಿತು. "ನಂಗೆ ಯಾವಾಗ ಇಂಜೆಕ್ಷನ್ ಹಾಕಿದ್ರು?"

ಕಿವಿರಾಯರು ನಾಲಿಗೆ ಕಚ್ಚಿಕೊಂಡರು.

"ಯಾರ್ರೀ ಅವಳು?"

ಆಫೀಸಿನ ಒಬ್ಬರು ಎನ್ನಬಹುದಿತ್ತು, ಯಾರು ಎಂದು ಮುಂದಿನ ಪ್ರಶ್ನೆ ಬರುತ್ತಿತ್ತು. ಫೋನಿನಲ್ಲಿ ಕೇಳಿದ್ದು ಎನ್ನುವಂತೆಯೇ ಇಲ್ಲ. ಒಳಗೆ ಕೇಳಿದ್ದನ್ನು ಮನೆಯಲ್ಲಿ ಬಾಯಿ ಬಿಟ್ಟವರು ನೇರ ಜೈಲಿಗೆ. ಅವರು ತಲೆ ಬಗ್ಗಿಸಿ ಇನ್ನೊಂದು ಬೂಟಿನ ದಾರ ಬಿಚ್ಚತೊಡಗಿದರು. ಅವಳು ಮಡಿಸಿದ ಬಟ್ಟೆಗಳನ್ನು ಎತ್ತಿಕೊಂಡು ಎದ್ದುಹೋದಳು.

ಸಾಲದ್ದಕ್ಕೆ ಅದೇ ವಾರ ತಪಾಸಣೆ ಇತ್ತು. ಆ ಸಂಸ್ಥೆಯ ಪದ್ಧತಿಯೇ ಹಾಗೆ. ತನ್ನ ನೌಕರರನ್ನೂ ಅದು ನಂಬುವುದಿಲ್ಲ. ಆಗಾಗ ಒಬ್ಬ ಅಧಿಕಾರಿ ಮನೆಗೇ ಬಂದು, ಗಂಡನನ್ನು ಒಳಗೆ ಕಳಿಸಿ, ಹೆಂಡತಿಯನ್ನು ಒಬ್ಬಳೇ ಕೂರಿಸಿಕೊಂಡು ವಿಚಾರಿಸುತ್ತಾನೆ. ಅವಳು ಬೇರೆ ಹೆಂಗಸಿನ ಅನುಮಾನ ಹೇಳಿದರೆ ಕೆಲಸ ಹೋಯಿತು. ಇಂಜೆಕ್ಷನ್ನು, ಊತ ಎಂದು ಇದ್ದದ್ದು ಇದ್ದಹಾಗೆ ಒಪ್ಪಿಸಿದರೆ ಅದು ಯಾರ ಮನೆಯ ಮೊಣಕಾಲು ಎಂದು ಆ ಅಧಿಕಾರಿಗೆ ತಿಳಿಯಲು ಹೆಚ್ಚು ಹೊತ್ತು ಬೇಕಿಲ್ಲ. ಹೇಳಬೇಡ ಎಂದು ಅವಳನ್ನು ಕೇಳಿಕೊಳ್ಳೋಣವೆಂದರೆ, ಏನನ್ನು, ಯಾಕೆ ಎಂದು ಹೇಳಬೇಕಲ್ಲ? ಆದರೂ ಒಲೆಯ ಮುಂದೆ ಅವಳ ಪಕ್ಕಕ್ಕೆ ನಿಂತು, "ನೋಡು, ಒಂದು ಮಾತು" ಎಂದು ಮೆಲ್ಲಗೆ ಶುರು ಮಾಡಿದರು. ಅವಳು ತಿರುಗಲೇ ಇಲ್ಲ. ಮಾರನೆಯ ದಿನ ಇನ್ನೊಮ್ಮೆ ನಿಂತರು, ಆಗಲೂ ಅಷ್ಟೇ. ಕೋಪ ಇನ್ನೂ ಇಳಿದಿಲ್ಲ ಎಂದುಕೊಂಡು ವಾಪಸ್ಸಾದರು.

ಅಧಿಕಾರಿ ಬೆಳಗ್ಗೆಯೇ ಬಂದ. ಮೆತ್ತನೆಯ ಮಾತಿನವನು, ಕಂಡರೆ ವಿಮೆ ಮಾಡಿಸುವವನು ಎನ್ನಬೇಕು. ಕಿವಿರಾಯರು ಮಲಗುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಂಚದ ತುದಿಗೆ ಕೂತರು. ಕೇಳಬಾರದು ಎಂದುಕೊಂಡರು. ಇಷ್ಟು ವರ್ಷದ ಕಸುಬು ಕೇಳಬೇಕಲ್ಲ.

"ಯಜಮಾನ್ರು ಇತ್ತೀಚೆಗೆ ಏನಾದ್ರೂ ಬದಲಾಗಿದ್ದಾರಾ, ಅಮ್ಮ?"

ಹೆಂಡತಿ ಸುಮ್ಮನಿದ್ದಳು. ಎಷ್ಟೋ ಮನೆಗಳ ಮೌನಕ್ಕೆ ಅರ್ಥ ಹಚ್ಚಿದ್ದ ಕಿವಿರಾಯರಿಗೆ ಈ ಮೌನದ ತಲೆ ಬುಡ ತಿಳಿಯಲಿಲ್ಲ.

"ಸ್ವಲ್ಪ ಈ ಕಡೆ ಬಂದು ಕೂತ್ಕೊಳ್ಳಿ," ಎಂದಳು ಅವಳು. "ಆ ಕಿವಿ ನಂಗೆ ಕೇಳಿಸಲ್ಲ."

ಕುರ್ಚಿ ಎಳೆದ ಸದ್ದಾಯಿತು. "ಯಾವಾಗಿಂದ?"

"ಎರಡು ವರ್ಷ ಆಗಿರಬೇಕು."

"ಯಜಮಾನ್ರು ಡಾಕ್ಟರಿಗೆ ತೋರಿಸಿಲ್ವಾ?"

"ಅವರಿಗೆ ಗೊತ್ತಿಲ್ಲ. ಮನೇಲಿ ಅವರು ಜಾಸ್ತಿ ಮಾತಾಡಲ್ಲ. ಹಾಗಾಗಿ ಏನೂ ತೊಂದರೆ ಆಗಿಲ್ಲ."

ಅದನ್ನು ಅವಳು ದೂರಿನಂತೆ ಹೇಳಲಿಲ್ಲ. ದೂರಿನಂತೆ ಹೇಳಿದ್ದರೆ ಕಿವಿರಾಯರಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

"ಬೇರೆ ಯಾರ ವಿಷಯನಾದ್ರೂ ಮನೇಲಿ ಎತ್ತಿದಾರಾ?"

"ಇಲ್ಲ. ಮೊನ್ನೆ ನನ್ನ ಮೊಣಕಾಲು ನೋವು ಹೇಗಿದೆ ಅಂತ ಕೇಳಿದ್ರು. ಅಷ್ಟೇ."

"ನೋವು ಇದೆಯಾ?"

"ಇದೆ."

ಅಧಿಕಾರಿ ಇನ್ನೇನೋ ನಾಲ್ಕು ಮಾತು ಕೇಳಿ, ನೀರು ಕುಡಿದು, ಹೊರಟುಹೋದ. ಕೆಲಸ ಉಳಿಯಿತು. ಕಿವಿರಾಯರು ನಿಟ್ಟುಸಿರು ಬಿಡಬೇಕಾಗಿತ್ತು. ಬಿಡಲಾಗಲಿಲ್ಲ. ಅವಳು ಹೇಳಿದ್ದು ಸುಳ್ಳೆ? ತನ್ನನ್ನು ಉಳಿಸಲೆಂದು ಹೇಳಿದಳೆ? ಅಥವಾ ಅವಳಿಗೂ ನಿಜವಾಗಿ ಮೊಣಕಾಲು ನೋಯುತ್ತಿದೆಯೆ? ಆ 'ಇದೆ' ಎಂಬ ಮಾತನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಕೇಳಿಸಿಕೊಂಡರು. ಹೇಳಿದ್ದು ಮೇಷ್ಟ್ರ ಹೆಂಡತಿಯಾಗಿದ್ದರೆ, ಸುಳ್ಳೋ ನಿಜವೋ ಎಂದು ಕಿವಿರಾಯರು ಕಣ್ಣು ಮುಚ್ಚಿ ಹೇಳಿಬಿಡುತ್ತಿದ್ದರು. ತನ್ನ ಹೆಂಡತಿ ಸುಳ್ಳು ಹೇಳುವಾಗ ಹೇಗೆ ಹೇಳುತ್ತಾಳೆ, ನಿಜ ಹೇಳುವಾಗ ಹೇಗೆ ಹೇಳುತ್ತಾಳೆ ಎಂದು ಅವರಿಗೆ ಗೊತ್ತೇ ಇರಲಿಲ್ಲ.

ಬಾಗಿಲು ತೆಗೆದು ಹೊರಬಂದರು. ಅವಳು ಲೋಟ ಹಿಡಿದು ಅಡುಗೆಮನೆಗೆ ಹೋಗುತ್ತಿದ್ದಳು. ಹೊಸ್ತಿಲ ಹತ್ತಿರ ಒಂದು ಕೈಯಿಂದ ಗೋಡೆ ಹಿಡಿದುಕೊಂಡಳು. ಮೊದಲಿನಿಂದಲೂ ಹೀಗೆಯೇ ಹಿಡಿಯುತ್ತಿದ್ದಳೆ ಎಂದು ನೆನಪು ಮಾಡಿಕೊಳ್ಳಲು ನೋಡಿದರು, ಆಗಲಿಲ್ಲ.

"ನಿಂಗೆ ನಿಜವಾಗ್ಲೂ ನೋವಿದೆಯಾ?" ಎಂದರು ಹಿಂದಿನಿಂದ.

ನಲ್ಲಿಯ ನೀರು ಸುರಿಯುತ್ತಿತ್ತು. ಅವಳು ಬೆನ್ನು ಹಾಕಿಕೊಂಡು ಲೋಟ ತೊಳೆಯುತ್ತಿದ್ದಳು, ತಿರುಗಲಿಲ್ಲ. ಹತ್ತಿರ ಹೋಗಿ ಕಿವಿಯ ಬಳಿಯೇ ಕೇಳೋಣ ಎಂದು ಹೆಜ್ಜೆ ಎತ್ತಿದ ಕಿವಿರಾಯರು ಹಾಗೆಯೇ ನಿಂತರು. ಆ ಕಿವಿ ಎಂದಿದ್ದಳೇ ಹೊರತು ಎಡವೋ ಬಲವೋ ಎಂದು ಅವಳು ಹೇಳಿರಲಿಲ್ಲ. ಹೆಂಡತಿಯ ಯಾವ ಪಕ್ಕಕ್ಕೆ ಹೋಗಿ ನಿಲ್ಲಬೇಕೆಂದು ಗೊತ್ತಾಗದೆ ಅವರು ಅಡುಗೆಮನೆಯ ನಡುವೆ ನಿಂತೇ ಇದ್ದರು.