ಮನೆಗೊಂದು ಆಳು

ನಾನು ಚಿಕ್ಕವಳಿದ್ದಾಗ ಪಂಚಾಯ್ತಿಯ ಸುದ್ದಿ ಫೋನಿನಲ್ಲಿ ಬರುತ್ತಿರಲಿಲ್ಲ ಮಕ್ಕಳೇ, ತಮಟೆಯ ಮೇಲೆ ಬರುತ್ತಿತ್ತು. ನಮ್ಮೂರು ಪಾಂಡವಪುರದ ಕಡೆ, ತೊಣ್ಣೂರು ಕೆರೆಯ ಕೆಳಗೆ. ಮುಂಗಾರು ಶುರುವಾಗಿ ಕೆರೆಯ ತೂಬು ಎತ್ತುವ ದಿನ ಹತ್ತಿರ ಬಂತೆಂದರೆ ಸಾರುವವನು ಬೀದಿ ಬೀದಿಗೂ ಬಂದು ನಿಂತು ತಮಟೆ ಬಾರಿಸುತ್ತಿದ್ದ. “ಸೋಮವಾರ ಕಾಲುವೆ ಹೂಳು ತೆಗೆಯೋದೈತೆ! ಮನೆಗೊಂದಾಳು ಬರ್ಬೇಕ್ರಪ್ಪೋ!” ಎಂದು ಕೂಗುತ್ತಿದ್ದ. ನಾವು ಮಕ್ಕಳು ಅವನ ಹಿಂದೆಯೇ ಓಡಿ ಓಡಿ, ಅವನಿಗಿಂತ ಜೋರಾಗಿ ಅದನ್ನೇ ಕೂಗುತ್ತಿದ್ದೆವು.

ಕಾಲುವೆಯ ಹೂಳೆಂದರೆ ವರ್ಷವಿಡೀ ಅದರಲ್ಲಿ ಸೇರಿಕೊಂಡ ಕೆಸರು, ಜೊಂಡು, ಕಸ. ಅದನ್ನು ತೆಗೆಯದಿದ್ದರೆ ನೀರು ಮುಂದಕ್ಕೆ ಹರಿಯುತ್ತಿರಲಿಲ್ಲ. ಆದ್ದರಿಂದ ಪ್ರತಿ ಮನೆಯಿಂದ ಒಬ್ಬರು ಗುದ್ದಲಿ ಹಿಡಿದು ಬರಲೇಬೇಕಿತ್ತು. ಪ್ರತಿ ಮನೆಗೂ ಐದು ಗಳದಷ್ಟು ಉದ್ದದ ಪಾಲು. ಗಳವೆಂದರೆ ನೀರುಗಂಟಿ ತಾತನ ಕೈಯಲ್ಲಿದ್ದ ಬಿದಿರು ಕೋಲು, ಒಬ್ಬ ಗಂಡಸಿಗಿಂತ ಒಂದು ಗೇಣು ಎತ್ತರ. ಊರಿನ ಎಲ್ಲರ ಗದ್ದೆಗೂ ನೀರು ಹಂಚುತ್ತಿದ್ದವನು ಅವನೇ. ಆಳು ಕಳಿಸದ ಮನೆಯವರ ಗದ್ದೆಗೆ ಎಲ್ಲರಿಗಿಂತ ಕೊನೆಗೆ ನೀರು, ಅದೂ ಉಳಿದರೆ.

ಆ ವರ್ಷ ನಮ್ಮ ಮನೆಯಲ್ಲಿ ಆಳೇ ಇರಲಿಲ್ಲ. ಅಪ್ಪ ಹುಲ್ಲಿನ ಗಾಡಿಯ ಮೇಲಿಂದ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರು. ನಾಟಿ ವೈದ್ಯರು ಬಿದಿರು ದಬ್ಬೆ ಇಟ್ಟು ಕಟ್ಟಿ, ಒಂದು ತಿಂಗಳು ಜಗಲಿ ಬಿಟ್ಟು ಇಳಿಯಬೇಡಿ ಎಂದಿದ್ದರು. ಅವ್ವ ಬಾಣಂತಿ, ತಮ್ಮ ಹುಟ್ಟಿ ಹದಿನೈದು ದಿನವೂ ಆಗಿರಲಿಲ್ಲ. ಕೂಲಿಗೆ ಯಾರನ್ನಾದರೂ ಕರೆಯೋಣವೆಂದರೆ ಅವತ್ತು ಊರಿನ ಗಂಡಸರೆಲ್ಲ ಅವರವರ ಪಾಲಿನಲ್ಲೇ ಇರುತ್ತಿದ್ದರು. ಉಳಿದವರು ನಾವಿಬ್ಬರೇ. ಅಕ್ಕನಿಗೆ ಹದಿನಾಲ್ಕು, ನನಗೆ ಒಂಬತ್ತು.

ಗದ್ದೆಯ ಮೂಲೆಯಲ್ಲಿ ಭತ್ತದ ಸಸಿಯ ಮಡಿ ಮಾಡಿದ್ದೆವು. ನಮ್ಮ ಕಡೆ ಅದಕ್ಕೆ ಒಟ್ಲು ಎನ್ನುತ್ತೇವೆ. ನಾನೂ ಅಕ್ಕನೂ ದಿನಾ ಬಾವಿಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ಅದನ್ನು ಬದುಕಿಸಿಕೊಂಡಿದ್ದೆವು. ಬಾವಿಯ ತಳ ಕಾಣುತ್ತಿತ್ತು, ಸಸಿಯ ತುದಿ ಹಳದಿಗೆ ತಿರುಗಿತ್ತು. ಕಾಲುವೆಯ ನೀರು ನಮ್ಮ ಸರದಿಗೆ ಸರಿಯಾಗಿ ಬಂದರೆ ಸಸಿ ಉಳಿಯುತ್ತಿತ್ತು. ಕೊನೆಗೆ ಬಂದರೆ ಒಣಗಿದ ಹುಲ್ಲು. ಆ ವರ್ಷ ಮನೆಯಲ್ಲಿ ಅನ್ನವಿಲ್ಲ ಎಂದೇ ಅರ್ಥ. ಅಪ್ಪ ಜಗಲಿಯಲ್ಲಿ ಮಲಗಿ ಹೆಂಚು ನೋಡುತ್ತಿದ್ದರು.

ತಮಟೆಯವನು ಆ ಕಡೆ ಹೋದದ್ದೇ ತಡ, ಅಕ್ಕ ಸೆರಗು ಸಿಕ್ಕಿಸಿಕೊಂಡು, “ನಾನೋಯ್ತೀನಿ” ಎಂದಳು. ಅಪ್ಪ ತಲೆ ಎತ್ತಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಮ್ಮಕ್ಕ ಒಮ್ಮೆ ಹಿಡಿದ ಹಟ ಬಿಡುವ ಜಾಯಮಾನದವಳಲ್ಲ, ಅದು ಅಪ್ಪನಿಗೂ ಗೊತ್ತಿತ್ತು.

ಭಾನುವಾರ ಸಂಜೆ ಅರಳಿಕಟ್ಟೆಯಲ್ಲಿ ಯಾವ ಯಾವ ಮನೆಯಿಂದ ಯಾರು ಬರುತ್ತಾರೆಂದು ಹೇಳಬೇಕಿತ್ತು. ಅಕ್ಕ ನನ್ನ ಕೈ ಹಿಡಿದುಕೊಂಡು ಗಂಡಸರ ನಡುವೆ ಹೋಗಿ ನಿಂತಳು. ನಮ್ಮೂರ ಪಂಚಾಯ್ತಿ ಮೇಂಬರು ಕಟ್ಟೆಯ ಮೇಲೆ ಕೊಡೆ ಊರಿಕೊಂಡು ಕೂತಿದ್ದರು. ಕಾಲುವೆಯಲ್ಲಿ ನಮ್ಮ ಪಾಲಿನ ಪಕ್ಕದ್ದೇ ಅವರ ಪಾಲು. ಕೆಟ್ಟ ಮನುಷ್ಯರೇನಲ್ಲ, ಆದರೆ ಊರೆಲ್ಲ ತಮ್ಮ ಮಾತಿನ ಮೇಲೆ ನಿಂತಿದೆ ಎಂದು ತಿಳಿದಿದ್ದರು. “ಬೇವಿನಮರದ ಮನೆಯಿಂದ ನಾನ್ ಬತ್ತೀನಿ” ಎಂದಳು ಅಕ್ಕ. ನಮ್ಮ ಮನೆಗೆ ಊರಿನವರು ಕರೆಯುತ್ತಿದ್ದ ಹೆಸರು ಅದು.

ಮೇಂಬರು ನಕ್ಕುಬಿಟ್ಟರು. “ಏನವ್ವಾ, ಎಣ್ಮಕ್ಳನ್ನೂ ಆಳು ಅಂತ ಹಿಡಿಯೋಕಾಯ್ತದಾ? ಓಗು, ಮನೇಲಿ ತಮ್ಮನ್ನ ನೋಡ್ಕೋ.”

ಸುತ್ತ ಇದ್ದವರೂ ನಕ್ಕರು. ನನ್ನ ಕೈ ಹಿಡಿದಿದ್ದ ಅಕ್ಕನ ಬೆರಳು ಬಿಗಿಯಾದವು, ನನಗೆ ನೋವಾಯಿತು. ನೀರುಗಂಟಿ ತಾತ ಮಾತ್ರ ನಗಲಿಲ್ಲ. ಎಲೆಯಡಿಕೆ ಉಗಿದು ಬಂದು, “ಹೂಳು ತೆಗೆದೋರು ಆಳು. ನಾಳೆ ಹೊತ್ತು ಮುಳುಗೋವಾಗ ಗಳ ಹಾಕಿ ನೋಡ್ತೀನಿ. ಐದು ಗಳ ಆಗಿದ್ರೆ ನಿಮ್ಮನೆ ಹೆಸ್ರು ಕೂಗ್ತೀನಿ, ಇಲ್ದಿದ್ರೆ ಇಲ್ಲ” ಎಂದ. ಅಕ್ಕನಿಗೆ ಅಷ್ಟೇ ಬೇಕಿತ್ತು.

ಸೋಮವಾರ ಕೋಳಿ ಕೂಗುವ ಹೊತ್ತಿಗೆ ನಾವು ಕಾಲುವೆಯ ಏರಿಯ ಮೇಲಿದ್ದೆವು. ಅಕ್ಕನ ಹೆಗಲಿಗೆ ಅಪ್ಪನ ಗುದ್ದಲಿ, ನನ್ನ ತಲೆಯ ಮೇಲೆ ಮಂಕರಿ, ಅದರೊಳಗೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ತಾತ ಹಿಂದಿನ ದಿನವೇ ಅಳತೆ ಮಾಡಿ ಪ್ರತಿ ಮನೆಯ ಪಾಲಿಗೂ ಒಂದೊಂದು ಹೊಂಗೆ ಕಡ್ಡಿ ನೆಟ್ಟು, ಅದಕ್ಕೆ ಆಯಾ ಮನೆಯ ಬಟ್ಟೆಯ ಚೂರು ಕಟ್ಟಿದ್ದ. ಅವ್ವನ ಹಸಿರು ಸೀರೆಯ ಚೂರನ್ನು ನಾನೇ ದೂರದಿಂದ ಗುರುತು ಹಿಡಿದೆ. ಅಕ್ಕ ಕಡ್ಡಿಯ ಪಕ್ಕ ಕಾಲುವೆಗೆ ಇಳಿದು, ಅಲ್ಲಿಂದ ಕೆಳಕ್ಕೆ ಅಗೆಯಲು ಶುರು ಮಾಡಿದಳು. ಮೇಲಿನ ಪಾಲು ಖಾಲಿ ಬಿದ್ದಿತ್ತು. “ಅದು ಮೇಂಬರದ್ದು, ಅವರ ಆಳು ತಡವಾಗಿ ಬತ್ತಾನೆ” ಎಂದುಕೊಂಡೆವು.

ಮೇಲಿನ ಹೂಳು ಒಣಗಿ ಬಿರುಕು ಬಿಟ್ಟಿತ್ತು. ಒಂದು ಮೊಳ ಅಗೆದರೆ ಒಳಗೆಲ್ಲ ತಣ್ಣನೆಯ ಕಪ್ಪು ಕೆಸರು. ಕೊಳೆತ ಎಲೆಯ ವಾಸನೆ, ಮೀನಿನ ವಾಸನೆ. ಅಕ್ಕ ಅಗೆದು ಮಂಕರಿಗೆ ತುಂಬುವಳು, ನಾನು ಏರಿ ಹತ್ತಿ ಸುರಿದು ಬರುವೆ. ಒಂದು ಏಡಿ ನನ್ನ ಹೆಬ್ಬೆರಳು ಹಿಡಿದುಕೊಂಡಾಗ ನಾನು ಕಿರುಚಿದ ಕಿರುಚಾಟಕ್ಕೆ ಕೊಕ್ಕರೆಗಳೆಲ್ಲ ಎದ್ದು ಹಾರಿಹೋದವು. ನಗಬೇಡಿ, ನಿಮ್ಮನ್ನು ಕಚ್ಚಿದ್ದರೆ ಗೊತ್ತಾಗುತ್ತಿತ್ತು! ಅಕ್ಕನ ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಗುದ್ದಲಿಯ ಕಾವು ಒದ್ದೆಯಾಯಿತು. ಅವಳು ಸೆರಗಿನ ಅಂಚು ಹರಿದು ಕೈಗೆ ಸುತ್ತಿಕೊಂಡಳು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಕೆಳಗಿನ ಕಡ್ಡಿಯವರೆಗೂ ಮುಗಿಸಿಬಿಟ್ಟೆವು. ಅಬ್ಬಬ್ಬಾ, ಎಷ್ಟು ಖುಷಿ! ಅಕ್ಕ ಬದಿಯನ್ನೆಲ್ಲ ಅಂಗೈಯಿಂದ ತಟ್ಟಿ ತಟ್ಟಿ, ಮನೆಯ ಗೋಡೆ ಸಾರಿಸಿದ ಹಾಗೆ ನುಣ್ಣಗೆ ಮಾಡಿದಳು.

ಆಗ ಮೇಂಬರು ಕೊಡೆ ಹಿಡಿದು, ತಮ್ಮ ಆಳನ್ನು ಹಿಂದಿಟ್ಟುಕೊಂಡು ಬಂದರು. ನಮ್ಮನ್ನು ನೋಡಿದರು, ಕಡ್ಡಿ ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಯ್ಯೋ ಮಂಕೇ, ಇದು ನಮ್ ಪಾಲು ಕಣವ್ವಾ! ಕಡ್ಡಿ ನೆಡೋದು ಪಾಲು ಮುಗಿಯೋ ಜಾಗ್ದಲ್ಲಿ. ನಿಮ್ದು ಕಡ್ಡಿಯಿಂದ ಮ್ಯಾಲಕ್ಕೆ!”

ನೀರು ಬರುವ ಕಡೆಯಿಂದ ಅಳೆದು, ಪಾಲು ಮುಗಿಯುವಲ್ಲಿ ಕಡ್ಡಿ ನೆಡುವುದು ನಮ್ಮೂರ ಪದ್ಧತಿ. ಕಾಲುವೆಗೆ ಇಳಿದ ಪ್ರತಿ ಗಂಡಸಿಗೂ ಅದು ಗೊತ್ತು. ಗೊತ್ತಿರುವುದನ್ನು ಹೇಳಬೇಕೆಂದು ಅಪ್ಪನಿಗೂ ಹೊಳೆದಿರಲಿಲ್ಲ, ಕೇಳಬೇಕೆಂದು ನಮಗೂ ಹೊಳೆದಿರಲಿಲ್ಲ. ಆಚೀಚೆ ಅಗೆಯುತ್ತಿದ್ದವರು ನೋಡಿಯೂ ಸುಮ್ಮನಿದ್ದರೋ ಏನೋ, ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

“ಅಂಗಾದ್ರೆ ನಮ್ ಪಾಲನ್ನ ನಿಮ್ಮಾಳ್ ಕೈಲಿ ಮಾಡ್ಸಿ” ಎಂದಳು ಅಕ್ಕ.

“ನಮ್ದು ಮಾಡ್ಕೊಡು ಅಂತ ನಾನೇನು ಕೇಳಿದ್ನಾ?” ಎಂದು ಮೇಂಬರು ಆಳನ್ನು ಕಬ್ಬಿನ ಗದ್ದೆಗೆ ಕಳಿಸಿ, ಊಟಕ್ಕೆ ಹೊರಟುಹೋದರು.

ನಾನು ಏರಿಯ ಮೇಲೆ ಕುಕ್ಕರಿಸಿ ಗೊಳೋ ಎಂದು ಅತ್ತೆ. ಅಕ್ಕ ಅಳಲಿಲ್ಲ. ಅರ್ಧ ರೊಟ್ಟಿ ತಿಂದಳು, ಉಳಿದದ್ದನ್ನು ನನ್ನ ಬಾಯಿಗೆ ತುರುಕಿದಳು, ನೀರು ಕುಡಿದಳು. ಆಮೇಲೆ ಕಡ್ಡಿಯ ಆಚೆ ಬದಿಗೆ ಹೋಗಿ ಕಾಲುವೆಗೆ ಇಳಿದಳು. “ಏಳು, ಮಂಕರಿ ತಗೋ. ಅಳೋದು ಮನೆಗೋಗಿ ಅಳೂವೆಂತೆ.”

ಮಧ್ಯಾಹ್ನದ ಬಿಸಿಲಿನಲ್ಲಿ ಆ ಮಂಕರಿ ಬೆಳಗಿನದಕ್ಕಿಂತ ಎರಡರಷ್ಟು ಭಾರವಾಗಿತ್ತು. ನನ್ನ ಕುತ್ತಿಗೆ ಸೆಟೆದುಕೊಂಡಿತು. ಅಕ್ಕ ಎರಡು ಸಲ ಕೆಸರಿನಲ್ಲೇ ಮಂಡಿಯೂರಿ ಕೂತಳು, ಎರಡು ಸಲವೂ ನಾನು ನೋಡುತ್ತಿದ್ದೇನೆಂದು ಗೊತ್ತಾಗಿ ಎದ್ದುಬಿಟ್ಟಳು. ಒಂದೊಂದಾಗಿ ಉಳಿದವರೆಲ್ಲ ಮುಗಿಸಿ ಗುದ್ದಲಿ ತೊಳೆದುಕೊಂಡರು. ಹೊತ್ತು ಇಳಿಯುವಾಗ ನಮ್ಮ ಪಾಲಿನಲ್ಲಿ ಇನ್ನೂ ಎರಡು ಗಳದಷ್ಟು ಉಳಿದಿತ್ತು.

ನೀರುಗಂಟಿ ತಾತ ತೂಬಿನ ಕಡೆಯಿಂದ ಗಳ ಹಾಕುತ್ತಾ ಬಂದ. ಹಿಂದೆ ಊರಿನವರ ಗುಂಪು, ಗುಂಪಿನಲ್ಲಿ ಮೇಂಬರು. ನಮ್ಮಲ್ಲಿಗೆ ಬಂದು ಅಳೆದ. “ಮೂರಾಗೈತೆ, ಇನ್ನೆರಡು ಬಾಕಿ” ಎಂದ. “ನಾನಾಗ್ಲೇ ಯೋಳ್ಲಿಲ್ವಾ?” ಎಂದರು ಮೇಂಬರು. ಅಕ್ಕ ತಲೆ ಎತ್ತದೆ ಅಗೆಯುತ್ತಲೇ ಇದ್ದಳು.

ತಾತ ಮುಂದೆ ಹೋಗಿ ಮೇಂಬರ ಪಾಲಿಗೆ ಇಳಿದ. ಗಳ ಹಾಕಿದ, ಐದು. ನುಣ್ಣಗಿದ್ದ ಬದಿಯನ್ನು ಮುಟ್ಟಿ ನೋಡಿ, “ಇದ್ಯಾರು ಮಾಡಿದ್ದು?” ಎಂದು ಕೇಳಿದ.

“ನಮ್ಮಾಳು” ಎಂದರು ಮೇಂಬರು.

ತಾತ ಬಗ್ಗಿ ತಳದ ಹಸಿ ಮಣ್ಣನ್ನು ತೋರಿಸಿದ. ಉದ್ದಕ್ಕೂ ಎರಡು ಜೊತೆ ಪುಟ್ಟ ಹೆಜ್ಜೆಗಳಿದ್ದವು. ಒಂದು ಅಕ್ಕನದು, ಇನ್ನೊಂದು ಅದಕ್ಕಿಂತ ಚಿಕ್ಕದು, ನನ್ನದು. “ನಿಮ್ಮಾಳಿನ ಪಾದ ಇಷ್ಟೇನಾ ಮೇಂಬರೇ?”

ಗುಂಪಿನಲ್ಲಿ ಕಿಸಕ್ಕನೆ ನಗು ಎದ್ದಿತು. ತಾತ ನಗಲಿಲ್ಲ. “ನೋಡಿ, ಎಣ್ಮಕ್ಳು ಆಳಲ್ಲ ಅಂತ ನೀವೇ ಅಂದ್ರಿ. ಅಂಗಾದ್ರೆ ಇವತ್ತು ನಿಮ್ಮನೆಯಿಂದ ಆಳು ಬಂದಿಲ್ಲ, ನಿಮ್ಗೇ ಕೊನೇಲಿ ನೀರು. ಇಲ್ಲ, ಆಳು ಅಂದ್ರಾ? ಇವರು ಒಂದಲ್ಲ, ಒಂದೂವರೆ ಆಳಿಗಿಂತ ಜಾಸ್ತಿ ಕೆಲ್ಸ ಮಾಡವ್ರೆ. ಯಾವ್ದು ಅಂತ ನೀವೇ ಯೋಳಿ.”

ಮೇಂಬರು ಕೊಡೆಯ ಹಿಡಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ಎಲ್ಲರೂ ಅವರ ಬಾಯಿ ನೋಡುತ್ತಿದ್ದರು. ಕೊನೆಗೆ, “ಅವರೇ ಮಾಡಿದ್ದು. ಆಳೇ ಬುಡು” ಎಂದರು. “ಉಳಿದ ಎರಡು ಗಳ ನಮ್ಮಾಳು ಬಂದು ಮಾಡ್ತಾನೆ.”

“ಬ್ಯಾಡ” ಎಂದಳು ಅಕ್ಕ, ಕಾಲುವೆಯೊಳಗಿಂದಲೇ. “ನಮ್ ಪಾಲು ನಾವೇ ಮುಗುಸ್ತೀವಿ. ತಾತ, ನಮ್ಮನೆ ಹೆಸ್ರು ಅಲ್ಲೀಗಂಟ ಕೂಗ್ಬ್ಯಾಡ.”

ತಾತ ಏರಿಯ ಮೇಲೆ ಕೂತು ಎಲೆಯಡಿಕೆ ಚೀಲ ಬಿಚ್ಚಿದ. ಯಾರೂ ಮನೆಗೆ ಹೋಗಲಿಲ್ಲ. ನಾನು ಮಂಕರಿ ಎತ್ತಲು ಹೋದೆ, ಎತ್ತಲಾಗಲಿಲ್ಲ. ಆಗ ಮೇಂಬರು ಕೊಡೆಯನ್ನು ಹೊಂಗೆ ಗಿಡಕ್ಕೆ ನೇತುಹಾಕಿ, ಬಿಳಿ ಪಂಚೆ ಎತ್ತಿ ಕಟ್ಟಿ, ಕಾಲುವೆಗೆ ಇಳಿದರು. “ಕೊಡಿಲ್ಲಿ ಮಗಾ” ಎಂದು ಮಂಕರಿ ತೆಗೆದುಕೊಂಡರು. ಅಕ್ಕ ಅವರನ್ನು ಒಂದು ಸಲ ನೋಡಿದಳು. ಗುದ್ದಲಿ ಕೊಡಲಿಲ್ಲ, ಮಂಕರಿ ಹೊರಬೇಡಿ ಎಂದೂ ಹೇಳಲಿಲ್ಲ.

ಮುಗಿದಾಗ ಸೂರ್ಯ ಕುಂತಿಬೆಟ್ಟದ ಹಿಂದಕ್ಕೆ ಸರಿದಿದ್ದ. ತಾತ ಏರಿಯ ಮೇಲೆ ನಿಂತು, ಪದ್ಧತಿಯಂತೆ ಒಂದೊಂದೇ ಮನೆಯ ಹೆಸರು ಊರಿಗೆಲ್ಲ ಕೇಳುವಂತೆ ಕೂಗಿದ. ಆಯಾ ಮನೆಯ ಆಳು “ಬಂದಿವ್ನಿ!” ಎನ್ನಬೇಕು. “ದೊಡ್ಡ ಮನೆ!” ಎಂದಾಗ ಮೇಂಬರು ಕೆಸರು ಪಂಚೆಯಲ್ಲೇ, “ಬಂದಿವ್ನಿ!” ಎಂದರು. ಅವರು ಆಳಾಗಿ ಹಾಗೆ ಓಗೊಟ್ಟದ್ದು ಅದೇ ಮೊದಲಿರಬೇಕು. ಆಮೇಲೆ “ಬೇವಿನಮರದ ಮನೆ!” ಎಂದ. ಅಕ್ಕ ಬಾಯಿ ತೆರೆದಳು, ಸ್ವರ ಹೊರಡಲಿಲ್ಲ. ದಿನವೆಲ್ಲ ಅಳದವಳ ಕಣ್ಣು ಆಗ ತುಂಬಿಕೊಂಡಿತ್ತು. ತಾತ ಇನ್ನೊಮ್ಮೆ ಕೂಗಿದ. ಅಕ್ಕ ಕಣ್ಣು ಮುಚ್ಚಿ, ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದಳು, “ಬಂದಿವ್ನಿ!”

ಮನೆಗೆ ಹೋದಾಗ ಅಪ್ಪ ಜಗಲಿಯಲ್ಲಿ ಎದ್ದು ಕೂತಿದ್ದರು. “ಕೇಳುಸ್ತು ಕಣವ್ವಾ” ಎಂದರು. ಅಷ್ಟು ಹೇಳಿ ಟವೆಲಿನಿಂದ ಮುಖ ಮುಚ್ಚಿಕೊಂಡರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಡ್ಡಿಯ ವಿಷಯ ಕೇಳಿದಾಗ ಮಾತ್ರ ಹಣೆ ಚಚ್ಚಿಕೊಂಡು, “ಅಯ್ಯೋ, ನಾನೇ ಯೋಳ್ಲಿಲ್ವಲ್ಲಾ!” ಎಂದು ಅಳುತ್ತಲೇ ನಕ್ಕರು. ತೂಬು ಎತ್ತಿದ ಮೂರನೇ ದಿನ ನಮ್ಮ ಗದ್ದೆಗೆ ನೀರು ಬಂತು. ಒಟ್ಲು ಉಳಿಯಿತು.

ಈಗ ಅದೇ ಕಾಲುವೆಯ ಹೂಳನ್ನು ಜೆಸಿಬಿ ಬಂದು ಒಂದು ಬೆಳಿಗ್ಗೆಯಲ್ಲಿ ಬಾಚಿ ಹಾಕುತ್ತದೆ. ಯಾರ ಮನೆಯ ಹೆಸರನ್ನೂ ಯಾರೂ ಕೂಗುವುದಿಲ್ಲ. ಪಂಚಾಯ್ತಿಯಲ್ಲಿ ಹೆಣ್ಣುಮಕ್ಕಳು ಕುರ್ಚಿಯ ಮೇಲೆ ಕೂತು ಸಹಿ ಹಾಕುತ್ತಾರೆ, ನೋಡಿ ನನ್ನ ಹೊಟ್ಟೆ ತಣ್ಣಗಾಗುತ್ತದೆ. ನಿಮ್ಮ ಕೈಗೆ ಅಕ್ಕನ ಹಾಗೆ ಬೊಬ್ಬೆ ಬರುವುದು ಬೇಡವೇ ಬೇಡ. ಆದರೆ ಪುಟ್ಟಿ, ಹೋದ ವಾರ ಮಕ್ಕಳ ಗ್ರಾಮಸಭೆಯಲ್ಲಿ ಏನಾಯಿತೆಂದು ನಿನ್ನ ತಮ್ಮ ನನಗೆ ಹೇಳಿದ. ಮಳೆ ಬಂದರೆ ಶಾಲೆಯ ಮುಂದಿನ ಮೋರಿ ಉಕ್ಕಿ ತರಗತಿಯೊಳಗೆ ನುಗ್ಗುತ್ತದೆ ಎಂದು ನೀನು ಎದ್ದು ನಿಂತು ಹೇಳಿದೆಯಂತೆ. ಹಿಂದಿನಿಂದ ಯಾರೋ, “ಕೂತ್ಕಳವ್ವ, ಅದನ್ನೆಲ್ಲ ದೊಡ್ಡೋರು ನೋಡ್ಕತಾರೆ” ಎಂದರಂತೆ, ಎಲ್ಲರೂ ನಕ್ಕರಂತೆ. ಇನ್ನು ಸಭೆಗೆ ಹೋಗುವುದಿಲ್ಲವೆಂದು ನೀನು ಚೀಲ ಎಸೆದು ಮಲಗಿಬಿಟ್ಟೆಯಂತೆ.

ಅಕ್ಕ ಈಗ ಹೊಸಹೊಳಲಿನಲ್ಲಿದ್ದಾಳೆ, ಅವಳಿಗೆ ಫೋನು ಮಾಡಿ ಎಲ್ಲ ಹೇಳಿದೆ. “ಆ ಮೋರಿ ಯಾರ ಪಾಲು ಅಂತ ಮೊದ್ಲು ಕೇಳ್ಕಂಡು ಓಗಾಕೆ ಯೋಳು ಅವ್ಳಿಗೆ, ನಮ್ಮಂಗೆ ಕಡ್ಡಿ ತಪ್ಪೋದು ಬ್ಯಾಡ” ಎಂದಳು. ಸರಿ, ಕೇಳಿಕೊಂಡು ಬಾ. ಶುಕ್ರವಾರ ಮತ್ತೆ ಸಭೆ ಇದೆಯಂತೆ, ನಾನೂ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತೇನೆ. ನಿನ್ನ ಹೆಸರು ಕರೆದಾಗ ಸ್ವರ ಹೊರಡದಿದ್ದರೆ ಹೆದರಬೇಡ, ಅಕ್ಕನಿಗೂ ಹೊರಟಿರಲಿಲ್ಲ. ಎರಡನೇ ಸಲ ಕರೆಯುತ್ತಾರೆ. ಆಗ ಎದ್ದು ನಿಂತು, ಊರಿಗೆಲ್ಲ ಕೇಳುವ ಹಾಗೆ, ಬಂದಿವ್ನಿ ಅನ್ನು.