ಸ್ಟವ್ ಡಾಕ್ಟರಮ್ಮ

ನಮ್ಮ ಬೀದಿಯಲ್ಲಿ ಟೈಲರ್ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ ಒಂದು ಗೂಡಂಗಡಿ. ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಮಾತಾಡಬೇಕು, ಅಷ್ಟೇ ಜಾಗ. ಅಲ್ಲಿ ಸೀಮೆಎಣ್ಣೆ ಸ್ಟವ್ ರಿಪೇರಿ ಮಾಡುತ್ತಿದ್ದ ಹೆಂಗಸನ್ನು ಎಲ್ಲರೂ ಡಾಕ್ಟರಮ್ಮ ಎನ್ನುತ್ತಿದ್ದರು. ಕೆಲಸ ಅಪ್ಪನಿಂದ ಬಂದದ್ದು, ಹೆಸರು ಸ್ವಂತ ಸಂಪಾದನೆ. ಯಾರಾದರೂ ಹಿತ್ತಾಳೆಯ ಪಂಪ್ ಸ್ಟವ್ ತಂದರೆ ಕಿವಿ ಹತ್ತಿರ ಹಿಡಿದು ಎರಡು ಸಲ ಪಂಪ್ ಹೊಡೆದು, "ಇದಕ್ಕೆ ಉಬ್ಬಸ. ವಾಷರ್ ಒಣಗಿದೆ," ಎಂದು ಹೇಳಿಬಿಡುತ್ತಿದ್ದರು.

ಆಮೇಲೆ ಮನೆಮನೆಗೂ ಗ್ಯಾಸ್ ಬಂತು. ಸ್ಟವ್‌ಗಳು ಅಟ್ಟ ಸೇರಿದವು. ಡಾಕ್ಟರಮ್ಮ ಕೊಡೆ, ಟಾರ್ಚು, ಕುಕ್ಕರ್ ಹಿಡಿ ಅಂತ ಸಿಕ್ಕಿದ್ದನ್ನೆಲ್ಲ ರಿಪೇರಿ ಮಾಡುತ್ತ ಕಾಲ ಹಾಕಿದರು.

"ಅಮ್ಮಾ, ಆ ಹಳೇ ಬರ್ನರ್‌ಗಳನ್ನ ಗುಜರಿಗೆ ಹಾಕು," ಎಂದಳು ಮಗಳು.

"ಹಾಕಲ್ಲ. ಹೇಳಿದ ಮಾತು ಕೇಳೋದು ಈ ಮನೇಲಿ ಅವು ಮಾತ್ರ."

ಒಂದು ವರ್ಷ ಸಿಲಿಂಡರ್ ಲಾರಿಯವರು ಮುಷ್ಕರ ಹೂಡಿದರು. ನಾಲ್ಕನೇ ದಿನಕ್ಕೆ ಬೀದಿಯ ಅಟ್ಟಗಳೆಲ್ಲ ಖಾಲಿ! ಗೂಡಂಗಡಿಯ ಮುಂದೆ ಜನ ಜೇಡರಬಲೆ ಮೆತ್ತಿದ ಸ್ಟವ್ ಹಿಡಿದು ಸಾಲು ನಿಂತರು. "ಇಷ್ಟು ವರ್ಷ ನೆನಪಿರಲಿಲ್ವಾ?" ಎಂದು ಪ್ರತಿಯೊಬ್ಬರನ್ನೂ ಗದರಿ, ಹನ್ನೊಂದು ದಿನ ಊಟ ನಿದ್ದೆ ಮರೆತು ಡಾಕ್ಟರಮ್ಮ ಎಲ್ಲರ ಒಲೆ ಉರಿಸಿದರು. ಮುಷ್ಕರ ಮುಗಿದದ್ದೇ ಸ್ಟವ್‌ಗಳು ಮತ್ತೆ ಅಟ್ಟ ಹತ್ತಿದವು.

ಒಂದು ಮಾತ್ರ ಹತ್ತಲಿಲ್ಲ. ನಿವೃತ್ತ ಹೆಡ್‌ಮಾಸ್ಟರ್ ವಾರಕ್ಕೆರಡು ಸಲ ತಮ್ಮ ಸ್ಟವ್ ಹೊತ್ತು ಬರತೊಡಗಿದರು. ಪ್ರತಿಸಲವೂ ಬರ್ನರ್‌ಗೆ ಕಿಟ್ಟ ಕಟ್ಟಿಕೊಂಡಿದೆ ಎಂಬ ದೂರು. ಐದನೇ ಸಲ ಡಾಕ್ಟರಮ್ಮ ಬರ್ನರ್ ಬಿಚ್ಚಿ ಮೂಸಿ ನೋಡಿದರು.

"ಮೇಷ್ಟ್ರೇ, ಇದು ಕಿಟ್ಟ ಅಲ್ಲ. ಸ್ನಾನದ ಸೋಪು. ಯಾರು ತುಂಬಿದ್ದು?"

ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದ್ದ ಮನುಷ್ಯ ತಲೆ ತಗ್ಗಿಸಿ ನಿಂತರು.

"ನಾನೇ. ಗೋಡೆ ಕಪ್ಪಾಗುತ್ತೆ ಅಂತ ಸೊಸೆ ಮನೇಲಿ ಹಚ್ಚೋಕೆ ಬಿಡಲ್ಲ. ಇದರ ಭರ್ರ್ ಅನ್ನೋ ಸದ್ದು ಕೇಳಿಸದಿದ್ರೆ ನನಗೆ ಚಹಾ ಕುಡಿದ ಹಾಗೇ ಆಗಲ್ಲಮ್ಮ. ರಿಪೇರಿ ಆದ್ಮೇಲೆ ನೀವು ಒಂದ್ನಿಮಿಷ ಹಚ್ಚಿ ನೋಡ್ತೀರಲ್ಲ, ಅದಕ್ಕೇ..."

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು, "ನಾಳೆಯಿಂದ ಸೋಪು ಬೇಡ. ಹಾಲು ತನ್ನಿ," ಎಂದರು.

ಅಂದಿನಿಂದ ಸಂಜೆ ನಾಲ್ಕಕ್ಕೆ ಅಂಗಡಿಯ ಮುಂದೆ ಸ್ಟವ್ ಭರ್ರೆನ್ನತೊಡಗಿತು. ಸದ್ದಿಗೆ ಟೈಲರ್ ತನ್ನ ಚಕ್ಕೆ ಎದ್ದ ಎನಾಮಲ್ ಲೋಟ ಹಿಡಿದು ಬಂದ. ಗಿರಣಿಯವನು ರಸ್ಕು ತಂದ. ಸೀಮೆಎಣ್ಣೆ ವಾಸನೆ ಸೇರಿದ ಆ ಚಹಾ ಹೀರುತ್ತ ಒಬ್ಬೊಬ್ಬರೂ ಅವರವರ ಅಮ್ಮನ ಅಡುಗೆಮನೆ ನೆನೆದರು.

ಒಂದು ದಿನ ಮಾವನನ್ನು ಹುಡುಕಿಕೊಂಡು ಸೊಸೆ ಧುಮುಗುಡುತ್ತ ಬಂದಳು. ಡಾಕ್ಟರಮ್ಮ ಒಂದು ಲೋಟ ಚಹಾ ಕೊಟ್ಟರು.

"ಸಕ್ಕರೆ ಜಾಸ್ತಿಯಾಯ್ತು," ಎಂದಳು ಸೊಸೆ. ಆಮೇಲೆ ಇನ್ನೊಂದು ಲೋಟ ಕೇಳಿದಳು.

ಡಾಕ್ಟರಮ್ಮನಿಗೀಗ ಕಣ್ಣು ಮಂಜು. ಬರ್ನರ್‌ನ ತೂತು ಚುಚ್ಚುವ ಪಿನ್ನು ಕಾಣುವುದಿಲ್ಲ. ಅವರು ಸ್ಟೂಲಿನ ಮೇಲೆ ಕೂತು ಗದರುತ್ತಾರೆ, ಮೇಷ್ಟ್ರ ಸೊಸೆ ಪಂಪ್ ಹೊಡೆಯುತ್ತಾಳೆ.