ನಡಿಗೆಗೂ ಮುಯ್ಯಾಳು

ನಮ್ಮ ನಾಮ್ಹೆ ದ್ವೀಪದಲ್ಲಿ ಬೆಳ್ಳುಳ್ಳಿ ಕೀಳುವುದಕ್ಕೂ ಕಿಮ್ಚಿ ಉಪ್ಪಿನಕಾಯಿ ಹಾಕುವುದಕ್ಕೂ ಮುಯ್ಯಾಳು ನಡೆಯುತ್ತದೆ. ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಹಾಗಾಗಿ ಆರೋಗ್ಯ ಕೇಂದ್ರದವರು ಸಕ್ಕರೆ ಕಾಯಿಲೆಯ ನಮಗೆಲ್ಲ ಹೆಜ್ಜೆ ಎಣಿಸುವ ಕೈಪಟ್ಟಿ ಕಟ್ಟಿದಾಗ ಮಲ್‌ಸುನ್ ಅಕ್ಕನಿಗೆ ದಾರಿ ಕೂಡಲೇ ಹೊಳೆಯಿತು. ಎಪ್ಪತ್ತು ದಾಟಿದರೂ ದಿನಾ ಗುಡ್ಡ ಹತ್ತಿಳಿಯುವ ಗಟ್ಟಿಗಿತ್ತಿ ಅವಳು. ಮಂಡಿನೋವಿನವರ ಪಟ್ಟಿಗಳನ್ನೆಲ್ಲ ತನ್ನ ತೋಳಿಗೇ ಕಟ್ಟಿಕೊಂಡು ಹೊರಟಳು. ನಾವು ಬೆಚ್ಚಗೆ ಕೂತು ಅವಳ ಪಾಲಿನ ಬೆಳ್ಳುಳ್ಳಿ ಸುಲಿದೆವು. ಇದನ್ನು ಮೋಸ ಎನ್ನುವವರು ನಮ್ಮೂರಲ್ಲಿ ಹುಟ್ಟಿದವರಲ್ಲ.

ಹೆಜ್ಜೆ ಏರಿತು, ಸಕ್ಕರೆ ಮಾತ್ರ ಇಳಿಯಲಿಲ್ಲ. ಒಂದು ದಿನ ಕೇಂದ್ರದ ನರ್ಸ್ ಯೊಮ್ ಬಂದು ಅಕ್ಕನ ತೋಳು ನೋಡಿದಳು.

"ಏನಜ್ಜಿ, ಇವರ ಮಾತ್ರೇನೂ ನೀವೇ ನುಂಗ್ತಿದೀರಾ?"

"ಇನ್ನೂ ಇಲ್ಲ ಕಣಮ್ಮ, ಯಾರೂ ಕೇಳಿಲ್ಲ."

"ಹೊಲದ ಕೆಲಸ ಹಂಚ್ಕೊಳ್ಳಿ. ನಡಿಗೆ ಅವರವರದ್ದೇ."

ಅಕ್ಕ ಪಟ್ಟಿಗಳನ್ನೆಲ್ಲ ಬಿಚ್ಚಿ ಅವರವರಿಗೇ ಕೊಟ್ಟಳು. ಮರುದಿನ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದು ನಿಂತಳು. "ಏಳೇ ಸೋಮಾರಿ, ನಿನ್ನ ಕಾಲು ನೀನೇ ತಗೊಂಡು ಬಾ."

ನಾನು ಬೈದುಕೊಂಡೇ ಹೊರಟೆ. ಕಡಲ ತಡೆಗೋಡೆಯುದ್ದಕ್ಕೂ ನಾವೆಲ್ಲ ಕುಂಟಿದೆವು. ನಾವು ನಿಂತಲ್ಲೆಲ್ಲ ಅವಳೂ ನಿಂತಳು. ದಿನಾ ಹೀಗೆಯೇ ಆಯಿತು.

ಕೆಲವು ವಾರ ಕಳೆದ ಮೇಲೆ ನರ್ಸ್ ಗಾಬರಿಯಿಂದ ಅಕ್ಕನಿಗೆ ಫೋನು ಮಾಡಿದಳು. "ಅಜ್ಜಿ, ಎಲ್ಲರ ಸಕ್ಕರೆ ಇಳೀತಿದೆ. ಆದ್ರೆ ನಿಮ್ಮ ಹೆಜ್ಜೆ ಅರ್ಧಕ್ಕಿಳಿದಿದೆ ಅಂತ ಕಂಪ್ಯೂಟರ್ ತೋರಿಸ್ತಿದೆ. ಹುಷಾರಿಲ್ವಾ?"

"ಹುಷಾರಾಗೇ ಇದೀನಿ ಕಣಮ್ಮ. ಇವರ ಜೊತೆ ನಡೀತಿದೀನಿ, ಅಷ್ಟೆ."